ಮೇಲಿನ ಸಾಲಿನ ಸುರುಳಿ

"ಮತ್ತೆ ನಿಮ್ಮ ತಂತಿ ಕೈಕೊಟ್ಟಿತು ಅತ್ತಿಗೆ."

ತಂಗಿಯ ಮನೆಯ ಹೊಸ್ತಿಲು ದಾಟುವ ಮೊದಲೇ ಅವಳ ಗಂಡ ಹೀಗೆಂದಾಗ ಅಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಒಲೆಗೆ, ಇಸ್ತ್ರಿಪೆಟ್ಟಿಗೆಗೆ, ಮಡಕೆ ಸುಡುವ ಕರೆಂಟಿನ ಗೂಡಿಗೆ ಕಾಯುವ ತಂತಿಯ ಸುರುಳಿ ಸುತ್ತಿಕೊಡುವುದೇ ಅವಳ ಕಸುಬು. ಅವಳನ್ನು ಏನು ಬೇಕಾದರೂ ಅನ್ನಬಹುದಿತ್ತು, ಅವಳ ಸುರುಳಿಯನ್ನು ಅನ್ನುವಂತಿರಲಿಲ್ಲ. ಅಂದರೆ ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಗೂಡಿನ ಯಾವ ಸಾಲು?"

"ಮೇಲಿನದು. ಹೋದ ಸಲ ಹೋಗಿದ್ದೂ ಅದೇ."

"ಅದು ಹೇಗೆ ಹೋಗುತ್ತೆ? ನಾನು ಸತ್ತ ಮೇಲೂ ಕೆಲಸ ಮಾಡೋ ತಂತಿ ಅದು."

"ಇರಬಹುದು. ಈಗಂತೂ ಸ್ವಿಚ್ ಹಾಕಿದ್ರೆ ನಿಮ್ಮ ಹಾಗೇ ಮುಖ ಗಂಟಿಕ್ಕಿಕೊಂಡು ಕೂತಿರುತ್ತೆ." ಅವನು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ತಂಗಿ ಕಿಟಕಿಯ ಕೆಳಗೆ ಕೂತು ಮಣ್ಣು ನಾದುತ್ತಿದ್ದಳು. ಅಕ್ಕ ಬಂದಳೆಂದು ತಿರುಗಿಯೂ ನೋಡಲಿಲ್ಲ. ಗೂಡಿನ ಪಕ್ಕದ ಹಲಗೆಯ ಮೇಲೆ ಸುಡದ ಮಣ್ಣಿನ ಸೊಟ್ಟ ಲೋಟವೊಂದು ಇತ್ತು. ಅದು ಬುಗುರಿ ಮಾಡಿದ್ದು. ಬುಗುರಿ ಎಂದರೆ ಇವರ ಒಬ್ಬಳೇ ಮಗಳು. ಒಂದು ಕಡೆ ನಿಂತವಳಲ್ಲ, ಅದಕ್ಕೇ ಆ ಹೆಸರು. "ದೊಡ್ಡಮ್ಮಂಗೆ ಕಾಫಿ ಲೋಟ" ಎಂದು ತೋರಿಸಿದ್ದಳು. "ಇದರಲ್ಲಿ ಇರುವೆ ಕುಡೀಬೇಕಷ್ಟೆ ಕಾಫೀನ" ಎಂದು ಅಕ್ಕ ಛೇಡಿಸಿದ್ದಕ್ಕೆ ಸಂಜೆಯವರೆಗೂ ಮಾತು ಬಿಟ್ಟಿದ್ದಳು. ಆ ಲೋಟ ಒಣಗುವಷ್ಟರಲ್ಲಿ ಅವಳಿಗೆ ಜ್ವರ ಬಂತು. ಬಂದದ್ದು ಅವಳನ್ನು ಕರೆದುಕೊಂಡೇ ಹೋಯಿತು.

"ಹಲಗೆ ಒರೆಸಿದಾಗಲೆಲ್ಲ ಬಟ್ಟೆಗೆ ಮಣ್ಣು ಹತ್ತುತ್ತೆ ಅತ್ತಿಗೆ," ಅವನು ದನಿ ತಗ್ಗಿಸಿದ. "ಲೋಟ ಇಷ್ಟಿಷ್ಟೇ ಉದುರಿ ಹೋಗ್ತಿದೆ. ಸುಟ್ಟರೆ ಕಲ್ಲಾಗುತ್ತೆ, ಅದಾದರೂ ಉಳಿಯುತ್ತೆ. ಎರಡು ಸಲ ಗೂಡಲ್ಲಿಟ್ಟು ಮಲಗಿದೆ. ಎರಡು ಸಲಾನೂ ಬೆಳಿಗ್ಗೆ ಸ್ವಿಚ್ ಹಾಕೋಕೆ ಹೋದ್ರೆ ಸುರುಳಿ ಹೋಗಿದೆ."

ಅಕ್ಕ ಗೂಡಿನೊಳಗೆ ತಲೆ ತೂರಿಸಿದಳು. ಇಟ್ಟಿಗೆಯ ಕಾಲುವೆಯಲ್ಲಿ ಕೂತಿದ್ದ ಸುರುಳಿ ಒಂದು ಕಡೆ ತುಂಡಾಗಿತ್ತು. ತುಣುಕನ್ನು ಬಿಡಿಸಿಕೊಂಡು ಬೆಳಕಿಗೆ ಹಿಡಿದಳು. ಕಬ್ಬಿಣಕ್ಕೆ ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ಎಳೆದ ತಂತಿ ಅದು. ಮೊದಲ ಸಲ ಕೆಂಪಗೆ ಕಾದಾಗ ತನ್ನ ಮೈಮೇಲೆ ತಾನೇ ಒಂದು ಬೂದು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಇರುವತನಕ ಬೆಂಕಿಗೂ ಜಗ್ಗುವುದಿಲ್ಲ. ಆದರೆ ಒಮ್ಮೆ ಕಾದದ್ದನ್ನು ತಣ್ಣಗಿರುವಾಗ ಬಗ್ಗಿಸಹೋದರೆ ಲಟಕ್ಕೆಂದು ಮುರಿಯುತ್ತದೆ. ಬಗ್ಗಿಸಲೇಬೇಕಿದ್ದರೆ ಮತ್ತೆ ಕಾಯಿಸಬೇಕು. ಉರಿದು ಕಡಿದ ತಂತಿಯ ತುದಿ ಕರಗಿ ಮಣಿಯಂತೆ ಗುಂಡಗಾಗಿರುತ್ತದೆ. ಇದರ ತುದಿ ಸೀಮೆಸುಣ್ಣ ಮುರಿದ ಹಾಗಿತ್ತು.

ಅಕ್ಕ ತಂಗಿಯ ಬೆನ್ನನ್ನು ನೋಡಿದಳು.

"ಇಕ್ಕಳ ಅಂಗಡೀಲೇ ಬಿಟ್ಟು ಬಂದೆ. ಸ್ವಲ್ಪ ತಂದುಕೊಡ್ತೀರಾ?" ಎಂದು ಅವನನ್ನು ಕಳಿಸಿದಳು. ಇಕ್ಕಳ ಅವಳ ಚೀಲದಲ್ಲೇ ಇತ್ತು.

ಅವನ ಹೆಜ್ಜೆ ಬೀದಿಗಿಳಿದ ಮೇಲೆ ಕೇಳಿದಳು, "ಕೈಯಲ್ಲಿ ಮುರಿದೆಯೇನೇ?"

ಮಣ್ಣಿನಲ್ಲಿದ್ದ ಕೈ ನಿಂತಿತು.

"ತಣ್ಣಗಿರುವಾಗ ತಂತಿ ಮುಟ್ಟಬೇಡಿ ಅಂತ ಬಂದೋರಿಗೆಲ್ಲ ಪಾಠ ಹೇಳೋಳು ನೀನು," ಎಂದಳು ಅಕ್ಕ.

"ಅದಕ್ಕೇ ಮುಟ್ಟಿದೆ," ಎಂದಳು ತಂಗಿ.

ಎದ್ದು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನಿದ್ದೆಯಲ್ಲಿರುವ ಮಗುವನ್ನು ಎತ್ತುವಂತೆ ಲೋಟವನ್ನು ಎತ್ತಿದಳು. ಅದರ ಪಕ್ಕೆಯಲ್ಲಿ ಬುಗುರಿಯ ಹೆಬ್ಬೆರಳು ಒತ್ತಿದ ಒಂದು ಗುಳಿ. ತಂಗಿ ತನ್ನ ಕಿರುಬೆರಳನ್ನು ಅದರಲ್ಲಿ ಇಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ನೋಡು, ಎಷ್ಟು ಸರಿಯಾಗಿದೆ. ಸುಟ್ಟರೆ ಮಣ್ಣು ಕುಗ್ಗುತ್ತೆ ಅಕ್ಕ. ಆಮೇಲೆ ಈ ಬೆರಳು ಒಳಗೆ ಹೋಗಲ್ಲ."

"ಸುಡದಿದ್ರೆ ಉದುರಿ ಮುಗಿಯುತ್ತಲ್ಲೇ."

"ಮುಗಿಯಲಿ. ಅಲ್ಲೀವರೆಗೂ ಅವಳ ಬೆರಳು ಅವಳ ಬೆರಳಷ್ಟೇ ಇರುತ್ತೆ."

"ಅವರಿಗೆ ಹೇಳಬಾರದಾ?"

"ಅವರಿಗೆ ಅದು ಉಳಿದರೆ ಸಾಕು. ಅದೂ ತಪ್ಪು ಅಂತ ಹೇಗೆ ಹೇಳಲಿ?"

ಉಳಿಯುವಂಥದ್ದನ್ನು ಮಾಡಿ ಮಾಡಿಯೇ ಅಕ್ಕನ ಕೂದಲು ನೆರೆತಿತ್ತು. ಹೊಸ ಸುರುಳಿ ಚೀಲದಲ್ಲಿ ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಅವಳು ಚೀಲದ ಬಾಯಿ ಕಟ್ಟಿದಳು.

ಅವನು ಬರಿಗೈಯಲ್ಲಿ, ಏದುಸಿರು ಬಿಡುತ್ತ ಬಂದ. "ಅಂಗಡಿಯೆಲ್ಲ ಜಾಲಾಡಿದೆ, ಇಕ್ಕಳ ಸಿಗಲಿಲ್ಲ ಅತ್ತಿಗೆ. ಸುರುಳಿಗೆ ಏನಾಗಿತ್ತಂತೆ?"

ಅಕ್ಕ ಮುರಿದ ತುಣುಕನ್ನು ಮುಷ್ಟಿಯೊಳಗೆ ಬಿಗಿ ಹಿಡಿದಳು.

"ನನ್ನ ತಂತಿಯೇ ಸರಿ ಇರಲಿಲ್ಲ," ಎಂದಳು. ಹುಟ್ಟಿದಾಗಿನಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. "ಒಳ್ಳೇದು ಸಿಗೋವರೆಗೂ ಕಾಯಬೇಕು."

"ಎಷ್ಟು ದಿನ ಆಗಬಹುದು?"

"ಸಿಗೋವರೆಗೂ."

ಅವನು ತಲೆಯಾಡಿಸಿದ. ತಂಗಿ ಮತ್ತೆ ಕಿಟಕಿಯ ಕಡೆ ಮುಖ ಮಾಡಿ ಮಣ್ಣಿಗೆ ಕೈ ಹಾಕಿದ್ದಳು. ಅವನು ಮೊಳೆಗೆ ನೇತುಹಾಕಿದ್ದ ಬಟ್ಟೆ ತೆಗೆದುಕೊಂಡು ಹಲಗೆಯ ಹತ್ತಿರ ಹೋದ. ಲೋಟದ ಸುತ್ತ ಉದುರಿದ್ದ ಪುಡಿಯನ್ನು ಮೆಲ್ಲಗೆ ಒಂದೆಡೆ ಕೂಡಿಸಿದ. ಆಮೇಲೆ ಹೆಂಡತಿಯ ಬೆನ್ನ ಕಡೆ ಒಮ್ಮೆ ನೋಡಿ, ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ಆ ಪುಡಿಯನ್ನೆಲ್ಲ ಅದರೊಳಗೆ ಸುರಿದು ಮುಚ್ಚಳ ಹಾಕಿದ.