ತಪ್ಪಿಲ್ಲದ ಹೊಲಿಗೆ

ಗದಗಿನ ಆ ಓಣಿಯಲ್ಲಿ ಇಪ್ಪತ್ತು ವರ್ಷ ಕುಪ್ಪಸ ಹೊಲಿದ ನೀಲವ್ವನ ಗಿರಾಕಿಗಳೆಲ್ಲ ಈಗ ಎದುರಿನ ಪರವೀನಳ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿದ್ದ ಮಾತಾಡುವ ಯಂತ್ರ-ಕನ್ನಡಿಯ ಮುಂದೆ ನಿಂತರೆ ಸಾಕು, ಅದು ತಾನೇ ಅಳತೆ ತೆಗೆದುಕೊಂಡು, ಚಹಾ ಕುಡಿದು ಮುಗಿಸುವುದರೊಳಗೆ ಕುಪ್ಪಸ ಹೊಲಿದು ಕೊಡುತ್ತಿತ್ತು. ಹೊಟ್ಟೆಕಿಚ್ಚು ತಾಳಲಾರದೆ ನೀಲವ್ವ ಒಂದು ದಿನ ತಾನೇ ಬಟ್ಟೆ ಹಿಡಿದು ಹೋದಳು. ಏನಾದರೊಂದು ತಪ್ಪು ಹುಡುಕಲೇಬೇಕಿತ್ತು.

"ಎಡಗಡೆ ಹೆಗಲು ಚೂರು ಇಳಿದೈತ್ರಿ," ಎಂದಿತು ಕನ್ನಡಿ.

ವರ್ಷಗಟ್ಟಲೆ ಮಷಿನ್ನಿನ ಮೇಲೆ ಬಾಗಿದ ಹೆಗಲು ಅದು. ಹೊಸ ಕುಪ್ಪಸ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ನೀಲವ್ವ ತನಗಾಗಿ ಹೊಲಿದುಕೊಂಡ ಒಂದು ಕುಪ್ಪಸವೂ ಹಾಗೆ ಕೂತಿರಲಿಲ್ಲ.

"ಕಂಕುಳದಾಗ ಬಿಗಿ ಆಗೈತಿ," ಎಂದಳು ಅವಳು.

ಪರವೀನಳ ಮುಖ ಸಣ್ಣದಾಯಿತು. "ಹೌದೇನ್ರಿ ಅಕ್ಕಾ? ನನಗ ಹೊಲಿಯಾಕ ಬರೂದಿಲ್ಲ. ಕನ್ನಡಿ ಹೇಳಿದ್ದ ಖರೆ ಅಂತ ತಿಳ್ಕೊಂಡಿದ್ದೆ. ನೀವ ಬಿಚ್ಚಿ ಸರಿ ಮಾಡ್ರಿ, ನೋಡಿ ಕಲೀತೀನಿ."

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ತನ್ನ ಅಂಗಡಿಗೆ ಬಂದು ನೀಲವ್ವ ಆ ಹೊಲಿಗೆಯನ್ನು ಬಿಚ್ಚಿದಳು, ಅದೇ ಗೆರೆಯ ಮೇಲೆ ಮತ್ತೆ ಹೊಲಿಯತೊಡಗಿದಳು. ಪಕ್ಕದ ಸ್ಟೂಲಿನ ಮೇಲೆ ಪರವೀನ ಕಣ್ಣು ಮಿಟುಕಿಸದೆ ಕೂತಿದ್ದಳು.

"ಎಷ್ಟ ಚಂದ ಓಡ್ತೈತ್ರಿ ಅಕ್ಕಾ ನಿಮ್ಮ ಕೈ. ನನಗ ಯಾವಾಗ ಬರಬೇಕ ಇದು?"

ದಾರ ಹರಿಯಿತು. ನೀಲವ್ವ ತಲೆಯೆತ್ತದೆ ಸೂಜಿಗೆ ಮತ್ತೆ ಪೋಣಿಸಿದಳು.