ಹೆಬ್ಬೆರಳಿನ ದುರಸ್ತಿ

ವೆಬ್‌ಸೈಟು ಬಳಸಲು ಬರಲಿಲ್ಲವೆಂದರೆ ವೆಬ್‌ಸೈಟನ್ನಲ್ಲ, ಜನರನ್ನೇ ರಿಪೇರಿ ಮಾಡುವ ಕಾಲ ಅದು. ಗದಗಿನ ದುರಸ್ತಿ ಕೇಂದ್ರದಲ್ಲಿ ಸಂತೆಯಷ್ಟು ಮಂದಿ. ಅವರ ನಡುವೆ ಸರದಿಗೆ ಕಾದು ಕೂತಿದ್ದ ಬಾಳವ್ವನ ಮನೆಯ ನಳ ವೆಬ್‌ಸೈಟಿನ ಬಟನ್ ಒತ್ತಿದರೆ ಮಾತ್ರ ನೀರು ಬಿಡುತ್ತಿತ್ತು. ಬಟನ್ನೋ ಸಾಸಿವೆ ಕಾಳು; ಅವಳ ಹೆಬ್ಬೆರಳೋ ರೊಟ್ಟಿ ಬಡಿದು ಬಡಿದು ಬದನೆಕಾಯಿಯಂತಾದದ್ದು. ಪ್ರತಿಸಲ ಪಕ್ಕದ 'ರದ್ದು' ಒತ್ತಿಹೋಗಿ ಮನೆ ಒಣಗಿ ಕೂತಿತ್ತು.

ಪಕ್ಕದಲ್ಲಿ ಕೂತಿದ್ದ ಈರಮ್ಮ ತನ್ನ ಹೊಸ ಕಣ್ಣು ಮಿಟುಕಿಸಿದಳು. "ಮಸುಕು ಅಕ್ಷರ ಓದಾಕಂತ ಮಾಡಿಸೀನಿ ನೋಡವ್ವ. ಬೂದಿ ಮ್ಯಾಲೆ ಬೂದಿಲೇ ಬರದ್ರೂ ಓದ್ತೀನಿ. ಬಿಸಲಾಗ ಮಾತ್ರ ಗಂಡ ಯಾರು, ಕಂಬ ಯಾವ್ದು ತಿಳ್ಯಾಂಗಿಲ್ಲ."

"ಅದೇನ್ ದೊಡ್ಡ ಲುಕ್ಸಾನಲ್ಲ ಬಿಡು," ಎಂದಳು ಬಾಳವ್ವ.

ಒಳಗೆ ಡಾಕ್ಟರು ಅವಳ ಹೆಬ್ಬೆರಳನ್ನು ಅಳೆದು, "ಪೆನ್ಸಿಲ್ ಹಂಗ ಹೆರದು ಕೊಡ್ತೀವ್ರಿ ಅವ್ವಾರ. ಎಲ್ಲಾ ನಿಮ್ಮ ಅನುಕೂಲಕ್ಕ," ಎಂದ.

"ಮತ್ತ ರೊಟ್ಟಿ?"

"ರೊಟ್ಟಿ ಬಡಿಯಾಕ ಆಗಂಗಿಲ್ರಿ."

ರೊಟ್ಟಿ ಮಾರಿಯೇ ಅವಳ ಹೊಟ್ಟೆ ತುಂಬಬೇಕು. ಆದರೆ ನೀರಿಲ್ಲದೆ ಹಿಟ್ಟು ಕಲಸುವುದಾದರೂ ಹೇಗೆ? ಬಾಳವ್ವ ನಿಟ್ಟುಸಿರಿಟ್ಟು ಕೈ ಚಾಚಿದಳು. ಆಗ ಕಂಡಿತು, ಡಾಕ್ಟರನ ಹೆಬ್ಬೆರಳು ತನ್ನದಕ್ಕಿಂತ ದಪ್ಪ!

"ಯಪ್ಪಾ, ನಿನ್ನ ಮನಿ ನಳಾ ನೀರು ಹ್ಯಾಂಗ ಬಿಡತೈತಿ?"

ಆತ ನಕ್ಕ. "ಈ ಕೇಂದ್ರಾನೂ ವೆಬ್‌ಸೈಟ್ ಮಾಡಿದ ಕಂಪನೀದರಿ, ಕಂಪನಿಯವರಿಗೆ ಅದೆಲ್ಲಾ ಇಲ್ರಿ. ನಮ್ಮದು ಕೈಲೇ ತಿರುವೋ ನಳಾ."

ಬಾಳವ್ವ ಬೆರಳು ಮಡಚಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ಪಾಳಿ ಹಚ್ಚಿದವರಿಗೆಲ್ಲ ಕೇಳುವಂತೆ ಹೇಳಿದಳು: "ಮನಿ ಎಲ್ಲೈತಿ ಹೇಳಿಬಿಡಪಾ. ನಾಳೆ ಮುಂಜಾನಿ ಇವರೆಲ್ಲಾರನೂ ಕರ್ಕೊಂಡು, ಕೊಡ ತಗೊಂಡು ಬರ್ತೀನಿ."