ಸದ್ದಿಲ್ಲದ ಬೈಕು

ಓಡಿಹೋಗಿ ಮದುವೆಯಾದ ಅಕ್ಕನ ಹೆಸರೆತ್ತಿದರೆ ಸಾಕು, ಅಪ್ಪ ಊಟದ ತಟ್ಟೆ ಎಸೆಯುತ್ತಿದ್ದರು. ಆದರೂ ನಾನೂ ಅಮ್ಮನೂ ದಿನಾ ಸಂಜೆ ಕದ್ದು ಅವಳಿಗೆ ಫೋನ್ ಮಾಡುತ್ತಿದ್ದೆವು. ತಿರುವಿನಲ್ಲೇ ಅಪ್ಪನ ಬೈಕು ಗುಡುಗುತ್ತಿದ್ದುದರಿಂದ ಮಾತು ನಿಲ್ಲಿಸಲು ಸಮಯ ಸಿಗುತ್ತಿತ್ತು.

ಹೋದ ತಿಂಗಳು ಅಪ್ಪ ಸೈಲೆನ್ಸರ್ ಬದಲಾಯಿಸಿದರು. "ಪೊಲೀಸ್ರು ಬೈದ್ರು" ಎಂದರು. ಅಂದಿನಿಂದ ನಮಗೆ ಭಯ. ಕಿಟಕಿಯಲ್ಲಿ ಇಣುಕುತ್ತಲೇ ಮಾತನಾಡುತ್ತಿದ್ದೆವು.

ಇವತ್ತು ಸ್ಪೀಕರಿನಲ್ಲಿ ಅಕ್ಕನ ಮಗು ತೊದಲುತ್ತಿತ್ತು. ತಿರುಗಿದರೆ ಬಾಗಿಲಲ್ಲಿ ಅಪ್ಪ!

"ಇಡೇ ಫೋನು!" ಅಮ್ಮ ನನಗೆ ಪಿಸುಗುಟ್ಟಿದಳು.

"ಬೇಡ, ಇರ್ಲಿ" ಎಂದರು ಅಪ್ಪ, ಹೆಲ್ಮೆಟ್ ತೆಗೆಯದೆ. "ಪೊಲೀಸ್ರು ಬೈದಿದ್ದು ಸುಳ್ಳು ಕಣೆ. ಸೌಂಡ್ ಸ್ವಲ್ಪ ಜಾಸ್ತಿ ಮಾಡು. ದಿನಾ ಹಿತ್ತಿಲ ಗೋಡೆ ಹತ್ರ ನಿಂತು ಕೇಳ್ತೀನಿ, ಮಗು ಮಾತು ಸರಿಯಾಗಿ ಕೇಳ್ಸಲ್ಲ."